ಸಿಗಲಿಲ್ಲ ಎಂದವಳ ಸನ್ಮಾನ

ಎಕ್ಕಂಬಿಯ ರಘುಪತಿಗೆ ಹೊಗಳುವುದೇ ಕಸುಬು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಯಾರಿಗೆ ಶಾಲು ಹೊದೆಸಿದರೂ ಅಭಿನಂದನಾ ನುಡಿ ಅವನದೇ. ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಸ್ಸು ತಾರದ ಕಂಡಕ್ಟರನನ್ನು ‘ಸಮಯದ ಸಾರ್ವಭೌಮ’ ಎಂದವನು ಅವನು. ಹುಳುಕು ಹಲ್ಲು ಬಿಟ್ಟು ಪಕ್ಕದ ಹಲ್ಲು ಕಿತ್ತ ಡಾಕ್ಟರನ್ನು ಧನ್ವಂತರಿ ಎಂದವನು. ಯಾರನ್ನೇ ಆಗಲಿ, ಕೊನೆಗೆ ಹಿಮಾಲಯ ಹತ್ತಿಸದೆ ಬಿಡುತ್ತಿರಲಿಲ್ಲ. ನಮ್ಮ ಜನವಾದರೂ ಏನು, ಸುಳ್ಳೆಂದು ಗೊತ್ತಿದ್ದೇ ಚಪ್ಪಾಳೆ ತಟ್ಟುವವರು.

ಆದರೆ ರಘುಪತಿಯ ಹೆಗಲಿಗೆ ಒಂದೇ ಒಂದು ಶಾಲು ಬಿದ್ದಿರಲಿಲ್ಲ. ಅರವತ್ತು ತುಂಬಿದಾಗ ಊರವರು ಸನ್ಮಾನಕ್ಕೆ ಹೊರಟರು. ಅಭಿನಂದನಾ ನುಡಿ ಆಡುವವರು ಯಾರು? ರಘುಪತಿಯೇ ಆಡಬೇಕು, ಬೇರೆ ಗತಿ ಇಲ್ಲ. ತನ್ನನ್ನು ತಾನೇ ಹೊಗಳಿಕೊಂಡರೆ ಚೆನ್ನಾಗಿರದೆಂದು ಸನ್ಮಾನವೇ ನಿಂತುಹೋಯಿತು. ಆ ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

2007ರಲ್ಲಿ ಯಲ್ಲಾಪುರದ ಲಾರಿ ರಸೂಲನ ಮಗಳು ನಾಜಿಯಾಗೆ ಪ್ರಶಸ್ತಿ ಬಂತು. ಗುರುತ್ವ ತರಂಗಗಳ ಕುರಿತ ಅತ್ಯುತ್ತಮ ಪಿಎಚ್.ಡಿ.ಗೆ ವರ್ಷಕ್ಕೊಮ್ಮೆ ಕೊಡುವ ಪ್ರಶಸ್ತಿ. ಲಾರಿ ಮಾಲೀಕರು ಸೇರಿ ಸನ್ಮಾನ ಇಟ್ಟುಕೊಂಡರು. ರಘುಪತಿ ಮೊದಲೇ ವಿವರ ಕೇಳಲು ಹೋದ.

“ಎಂತ ಕಂಡುಹಿಡಿದ್ಯೇ ತಂಗಿ?”

“ಏನೂ ಇಲ್ಲ ಅಜ್ಜಾ. ಎಲ್ಲೋ ದೂರದಲ್ಲಿ ಎರಡು ನಕ್ಷತ್ರ ಢಿಕ್ಕಿ ಹೊಡೆದ್ರೆ ನಾವು ನಿಂತ ಜಾಗವೇ ಒಂಚೂರು ಹಿಗ್ಗಿ ಕುಗ್ತದೆ. ಅದು ಅಳೆಯುವ ಯಂತ್ರಕ್ಕೆ ಸಿಕ್ಕಿದೆಯಾ ಅಂತ ವರ್ಷಗಟ್ಟಲೆ ಹುಡುಕಿದೆ. ಸಿಗಲಿಲ್ಲ.”

“ಹಾಗಾದ್ರೆ ಪ್ರಶಸ್ತಿ ಯಾಕೆ?”

“ಸಿಗಲಿಲ್ಲ ಅಂತ ಗಟ್ಟಿಯಾಗಿ ಹೇಳಿದ್ದಕ್ಕೆ. ಹುಡುಕಿದ್ದು ಅಷ್ಟು ಚೆನ್ನಾಗಿತ್ತಂತೆ.”

ರಘುಪತಿ ಹತ್ತಿರ ಸರಿದು ದನಿ ತಗ್ಗಿಸಿದ. “ಭಾಷಣದ ಮಟ್ಟಿಗೆ, ಒಂದು ಸಣ್ಣದು ಸಿಕ್ಕಿತ್ತು ಅಂತ ಹೇಳ್ಲಾ?”

“ಬೇಡಿ! ಹಾಗಂದ್ರೆ ಪ್ರಶಸ್ತಿಯೇ ಸುಳ್ಳಾಗ್ತದೆ.”

ಮನೆಗೆ ಬಂದವನೇ ಹೆಂಡತಿ ಪರಿಮಳಾಳೆದುರು ಗೋಳಾಡಿದ. “ಆನೀಗ ಎಂತ ಹೇಳವು ಮಾರಾಯ್ತಿ?”

“ಇದ್ದಿದ್ದನ್ನೇ ಹೇಳಿ” ಎಂದಳು ಆಕೆ. ಅಂಥದ್ದೊಂದು ದಾರಿ ಇದೆಯೆಂದು ಅವನಿಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ಸಭೆ ಕಿಕ್ಕಿರಿದಿತ್ತು. ರಘುಪತಿ ಮೈಕಿನ ಮುಂದೆ ನಿಂತ. ಹಿಮಾಲಯ ಗಂಟಲಿನ ತನಕ ಬಂತು, ನುಂಗಿಕೊಂಡ. “ಈ ಹುಡುಗಿ ಹುಡುಕಿದಳು. ಸಿಗಲಿಲ್ಲ. ಸಿಗಲಿಲ್ಲ ಅಂತಲೇ ಹೇಳಿದಳು. ನನ್ನಿಂದ ಇದು ಒಂದು ದಿನವೂ ಆಗಿಲ್ಲ” ಎಂದು ಕೂತುಬಿಟ್ಟ.

ಜನ ಲಕ್ವ ಹೊಡೆಯಿತೆಂದೇ ತಿಳಿದರು. ಒಬ್ಬ ಸೋಡಾ ತಂದ. ಇನ್ನೊಬ್ಬ ಸನ್ಮಾನದ ಪೇಟದಿಂದಲೇ ಗಾಳಿ ಹಾಕಿದ. “ಇಷ್ಟಕ್ಕೆ ಎಕ್ಕಂಬಿಯಿಂದ ಕರೆಸಬೇಕಿತ್ತಾ?” ಎಂದು ಅಧ್ಯಕ್ಷರು ಮೈಕಿನಲ್ಲೇ ಗೊಣಗಿದರು. ತನ್ನ ಕಸುಬಿನ ಕಥೆ ಮುಗಿಯಿತೆಂದು ರಘುಪತಿ ತಲೆ ತಗ್ಗಿಸಿದ.

ಆಗ ನಾಜಿಯಾ ಎದ್ದು, ತನಗೆ ಹೊದೆಸಿದ್ದ ಶಾಲನ್ನು ಅವನ ಹೆಗಲಿಗೆ ಹಾಕಿದಳು.

“ಇವರನ್ನ ಯಾರೂ ಹೊಗಳಿಲ್ಲ ಅಂತ ನಮ್ಮ ಅಬ್ಬಾ ಹೇಳಿದ್ರು. ಇವರ ಹಳೇ ಭಾಷಣ ನಾನು ಕೇಳಿಲ್ಲ, ಅದರ ಬಗ್ಗೆ ಏನೂ ಹೇಳುದಿಲ್ಲ. ಇವತ್ತಿನದ್ದು ಪೂರ್ತಿ ಕೇಳಿದೆ. ಒಂದಾದ್ರೂ ಸುಳ್ಳು ಇದೆಯಾ ಅಂತ ಹುಡುಕಿದೆ. ಸಿಗಲಿಲ್ಲ.”

ರಘುಪತಿ ಎಲ್ಲರೆದುರೇ ಬಿಕ್ಕಿಬಿಕ್ಕಿ ಅತ್ತ. ಅಂಥ ಸೆಕೆಯಲ್ಲೂ ಶಾಲು ತೆಗೆಯದೆ ಬಸ್ಸು ಹತ್ತಿದ. ಮರುವಾರ ಸಿದ್ದಾಪುರದಲ್ಲಿ ಒಬ್ಬ ಸಾಹೇಬರ ನಿವೃತ್ತಿ ಸಮಾರಂಭವಿತ್ತು. ರಘುಪತಿ ಬರುವುದು ಬೇಡವೆಂದು ಸಾಹೇಬರೇ ಹೇಳಿಕಳಿಸಿದರು. ಎಲ್ಲಿ ತಮ್ಮ ಗುಣಗಳನ್ನು ಹುಡುಕಿ, ಸಿಗಲಿಲ್ಲ ಎಂದುಬಿಡುತ್ತಾನೋ ಎಂಬ ಹೆದರಿಕೆ.