ದೇವರ ಬಲ ಯಾವ ಕಡೆ?

ಕಳೆದ ತಿಂಗಳು ದೇವಸ್ಥಾನದ ಒಂದು ಫ್ಯಾನ್ ನಮ್ಮ ಸರಸತ್ತೆಯ ಸ್ಕೂಟರನ್ನು ಬೀಳಿಸಿಬಿಡುವುದರಲ್ಲಿತ್ತು. ಸ್ಕೂಟರ್ ಆಗಿನ್ನೂ ಶೋರೂಮಿನಲ್ಲೇ ಇತ್ತು ಎನ್ನುವುದು ಬೇರೆ ಮಾತು.

ಗಾಬರಿಯಾಗಬೇಡಿ. ಮೊದಲಿನಿಂದ ಹೇಳುತ್ತೇನೆ.

ಸರಸತ್ತೆ ಎಂದರೆ ನನ್ನ ಅಪ್ಪನ ತಂಗಿ. ಊರು ಮಂಕಿ. ಮನೆಯ ಹಿಂದೆ ನಾಲ್ಕು ತೆಂಗು, ಮುಂದೆ ಅಂಗಳದ ತುಂಬ ಭಟ್ಕಳ ಮಲ್ಲಿಗೆ. ಬೆಳಗಾಗುವ ಮೊದಲೇ ಮೊಗ್ಗು ಕೊಯ್ದು, ಕಟ್ಟಿ, ಹೊನ್ನಾವರ ಬಸ್‌ಸ್ಟ್ಯಾಂಡಿನ ಹೂವಿನಂಗಡಿಗೆ ಮುಟ್ಟಿಸಬೇಕು. ಕೊಯ್ಯುವುದು, ಕಟ್ಟುವುದು ಅತ್ತೆಯ ಕೆಲಸ. ಮುಟ್ಟಿಸುವುದು ಮಾವನ ಬೈಕಿನ ಕೆಲಸ.

ಮಾವ ಏಳಬೇಕು. ಚಾ ಆಗಬೇಕು. ಪೇಪರ್ ಆಗಬೇಕು. ಪೇಪರಿನಲ್ಲಿ ಓದಿದ್ದನ್ನು ಪಕ್ಕದ ಮನೆಯವರಿಗೆ ವಿವರಿಸಿ ಆಗಬೇಕು. (ಅವರ ಮನೆಗೂ ಅದೇ ಪೇಪರ್ ಬರುತ್ತದೆ.) ಅಷ್ಟರಲ್ಲಿ ಮೊಗ್ಗು ಅರಳಿರುತ್ತದೆ. ಹೂವಿನಂಗಡಿಯಲ್ಲಿ ಮೊಗ್ಗಿಗಿರುವ ಮರ್ಯಾದೆ ಅರಳಿದ ಹೂವಿಗೆ ಇಲ್ಲ. ಅತ್ತೆ ಅರ್ಧ ರೇಟಿಗೆ ಕೊಟ್ಟು, ಮುಖ ಊದಿಸಿಕೊಂಡು ಅದೇ ಬೈಕಿನ ಹಿಂದೆ ಕೂತು ಮನೆಗೆ ಬರುತ್ತಾಳೆ.

ಎಷ್ಟು ವರ್ಷ ಊದಿಸಿಕೊಳ್ಳಲು ಆಗುತ್ತದೆ? ಅತ್ತೆ ಸದ್ದಿಲ್ಲದೆ ಪಕ್ಕದ ಮನೆಯ ಸೊಸೆಯ ಸ್ಕೂಟರಿನಲ್ಲಿ, ಭಾನುವಾರದ ಶಾಲೆ ಮೈದಾನದಲ್ಲಿ ಡ್ರೈವಿಂಗ್ ಕಲಿತಳು. ಲೈಸನ್ಸನ್ನೂ ಮಾಡಿಸಿದಳು. ಹೂವಿನ ದುಡ್ಡು ಒಟ್ಟು ಮಾಡಿದಳು. ಆಮೇಲೆ ಒಂದು ದಿನ ಮಾವನ ಬಟ್ಟಲಿಗೆ ಮೀನು ಸಾರು ಬಡಿಸುತ್ತ ವಿಷಯ ತೆಗೆದಳು.

"ನಾನೊಂದು ಸ್ಕೂಟರ್ ತಕಣ್ತೆ."

"ಎಂತಕ್ಕೆ? ಕರ್ಕಂಡ್ ಹೋಗುಕೆ ನಾನಿಲ್ಲನಾ?"

"ನೀವಿದ್ರಿ. ಮೊಗ್ಗು ಇರೂದಿಲ್ಲ."

ಮಾವ ಹೈವೇಯ ಲಾರಿಗಳನ್ನೆಲ್ಲ ನೆನಪಿಸಿದರು. ಮೊಣಕಾಲು ನೋವನ್ನು ನೆನಪಿಸಿದರು. ಅತ್ತೆ ಜಗ್ಗಲಿಲ್ಲ. ಕೊನೆಗೆ ತಮ್ಮ ಬ್ರಹ್ಮಾಸ್ತ್ರ ಬಿಟ್ಟರು. "ಆತು. ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳುವ. ಪ್ರಸಾದ ಆದ್ರೆ ತಕೋ. ಆಗದಿದ್ರೆ ಸ್ಕೂಟರ್ ಸುದ್ದಿ ಮತ್ತೆ ಎತ್ತೂಕಾಗ."

ಪ್ರಸಾದ ಕೇಳುವುದು ನಮ್ಮ ಕಡೆಯವರಿಗೆ ಗೊತ್ತು. ಉಳಿದವರಿಗಾಗಿ: ಭಟ್ಟರು ದೇವರ ಒದ್ದೆ ತಲೆಯ ಮೇಲೆ ಒಂದು ಹೂ ಅಂಟಿಸಿ, ನಿಮ್ಮ ಪ್ರಶ್ನೆಯನ್ನು ಜೋರಾಗಿ ಹೇಳುತ್ತಾರೆ. ಹೂ ಬಲಕ್ಕೆ ಬಿದ್ದರೆ ಹೌದು. ಎಡಕ್ಕೆ ಬಿದ್ದರೆ ಬೇಡ. ಇಲ್ಲಿ ಒಂದು ಸಣ್ಣ ತೊಡಕಿದೆ. ಬಲ ಎಂದರೆ ದೇವರ ಬಲ. ಎದುರು ನಿಂತ ನಮಗೆ ಅದು ಎಡ. (ಈ ಗೊಂದಲದಲ್ಲಿ ಎಷ್ಟು ಮದುವೆಗಳು ಆಗಿಹೋಗಿವೆಯೋ, ದೇವರೇ ಬಲ್ಲ.)

ಹೀಗೆ ಒಂದು ಸೋಮವಾರ ಅತ್ತೆ, ಮಾವ, ಕುಮಟೆಯಿಂದ ಕಾರು ತಂದ ನಾನು, ಮೂವರೂ ದೇವಸ್ಥಾನಕ್ಕೆ ಹೋದೆವು. ಯಾವ ದೇವಸ್ಥಾನ ಎಂದು ಹೇಳುವುದಿಲ್ಲ. ಅತ್ತೆಗೆ ಅಲ್ಲಿ ಇನ್ನೂ ಕೆಲಸವಿದೆ.

ಆ ದೇವಸ್ಥಾನದಲ್ಲಿ ದೇವರನ್ನು ಬಿಟ್ಟು ಉಳಿದ ಎಲ್ಲದರ ಮೇಲೂ ಯಾರದ್ದಾದರೂ ಹೆಸರಿದೆ. ಮೆಟ್ಟಿಲಿನ ಮೇಲೆ ಒಬ್ಬರು, ಸ್ಟೀಲಿನ ಕಂಬಿಯ ಮೇಲೆ ಒಬ್ಬರು, ಕಾಲು ತೊಳೆಯುವ ನಲ್ಲಿಯ ಮೇಲೆ ಪತ್ನಿ ಸಮೇತ ಒಬ್ಬರು. ಗರ್ಭಗುಡಿಯ ಎದುರು ನಿಲ್ಲಿಸಿದ ದೊಡ್ಡ ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ಮುಂಬೈಯಲ್ಲಿ ಹೋಟೆಲುಗಳಿರುವ ಒಬ್ಬ ಧಣಿಗಳ ಹೆಸರು. ಫ್ಯಾನ್ ತಿರುಗಿದರೆ ಹೆಸರು ಕಾಣುವುದಿಲ್ಲ. ಆದ್ದರಿಂದ ಧಣಿಗಳು ಊರಲ್ಲಿದ್ದಾಗ ಅದನ್ನು ಹಾಕುವುದು ಕಡಿಮೆ. ಊರವರು ಅವರನ್ನು ಕರೆಯುವುದೇ ಫ್ಯಾನ್ ಧಣಿ ಎಂದು.

ಸಾಲು ಎರಡು. ಒಂದು ಸಾಮಾನ್ಯ, ಒಂದು ವಿಶೇಷ. ಸಾಮಾನ್ಯದ ಸಾಲು ಕಂಬಿಗಳ ನಡುವೆ ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುತ್ತದೆ. ವಿಶೇಷದ ಸಾಲು ನೇರ. ಒಂದು ಕ್ಷಣ ನನಗೆ, "ನಾನು ಪತ್ರಿಕೆಯಲ್ಲಿ ಬರೆಯುವವನು" ಎಂದು ಕೌಂಟರಿನಲ್ಲಿ ಹೇಳೋಣವೇ ಎನಿಸಿತು. ಹೇಳಿಯೇಬಿಟ್ಟೆ. ಕೌಂಟರಿನವನು ತಲೆ ಎತ್ತದೆ, "ಓದ್ತೆ ನಾನು. ಸಾಮಾನ್ಯದಲ್ಲೇ ನಿತ್ಕಣಿ" ಎಂದ. ಓದಿದ್ದಾನೆ ಎನ್ನುವುದು ಖಾತ್ರಿಯಾಯಿತು.

ನಮ್ಮ ಕಡೆಯ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕಲ್ಲ? ದೇವರ ಮುಂದೆ ಎಲ್ಲರೂ ಸಮಾನರಾಗಲಿ ಎಂದು ಆ ಪದ್ಧತಿ ಎಂದು ಸಣ್ಣವನಿದ್ದಾಗ ಅಜ್ಜ ಹೇಳುತ್ತಿದ್ದರು. ಪಾಪ, ಒಳ್ಳೆಯ ಮನುಷ್ಯ. ಅಂಗಿ ತೆಗೆದ ಮೇಲೆಯೇ ಅಲ್ಲವೇ ಯಾರ ಕೊರಳಲ್ಲಿ ಎಷ್ಟು ದಪ್ಪದ ಸರವಿದೆ ಎಂದು ಕಾಣುವುದು?

ಸುತ್ತಿ ಸುತ್ತಿ ಅಂತೂ ನಮ್ಮ ಸರದಿ ಬಂತು. ಪ್ರಸಾದ ಕೇಳುವ ಹೊತ್ತು ಅಂತ ಫ್ಯಾನ್ ಬಂದ್. ಸೆಕೆ ಎಂದರೆ ಸೆಕೆ. ಭಟ್ಟರು ಕೆಂಪು ಕೇಪಳದ ಹೂ ಅಂಟಿಸಿ, "ಮಂಕಿಯ ಸರಸ್ವತಿ ಸ್ಕೂಟರ್ ತೆಗೆದುಕೊಳ್ಳಬೇಕು ಎಂದಿದ್ದಾಳೆ, ಸರಿ ಎಂದಾದರೆ ಬಲ ಪ್ರಸಾದ ಆಗಲಿ" ಎಂದು ಕೇಳಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅತ್ತೆ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು. ಮುಗಿದ ಬೆರಳುಗಳಲ್ಲಿ ಹೂ ಕಟ್ಟಿದ ನಾರು ಇನ್ನೂ ಅಂಟಿಕೊಂಡಿತ್ತು. ಅಲ್ಲಿಯವರೆಗೆ ನನಗೆ ಇದೆಲ್ಲ ತಮಾಷೆಯಾಗಿತ್ತು. ಆ ಕೈ ನೋಡಿದ ಮೇಲೆ ನಾನೂ ಕೈಮುಗಿದೆ.

ಹೂ ಬೀಳಲಿಲ್ಲ. ಭಟ್ಟರು ಮತ್ತೆ ಕೇಳಿದರು. ಬೀಳಲಿಲ್ಲ. ಮಾವ ಮಾತ್ರ ನಿರಾಳವಾಗಿದ್ದರು.

ಅಷ್ಟರಲ್ಲಿ ವಿಶೇಷದ ಸಾಲಿನಲ್ಲಿ ಗಡಿಬಿಡಿ. "ಸರೀರಿ, ಸರೀರಿ, ಧಣಿಗಳು ಬಂದ್ರು" ಎನ್ನುತ್ತ ಕಮಿಟಿಯ ಸೆಕ್ರೆಟರಿ ಹಿಮ್ಮುಖವಾಗಿ ನಡೆದು ಬಂದರು. ಅವರ ಎದುರಿಗೆ ಫ್ಯಾನ್ ಧಣಿಗಳು. ಬರಿ ಮೈ, ಸರ, ಬೆವರು.

"ಭಟ್ರೆ, ಧಣಿಗಳದ್ದೊಂದು ಪ್ರಸಾದ ಕೇಳಿಬಿಡಿ. ಗೋವಾದಲ್ಲಿ ಫ್ಲೈಟ್ ಉಂಟು ಅವ್ರಿಗೆ."

"ಈ ಅಮ್ಮಂದು ನಡೀತಾ ಇದ್ದು" ಎಂದರು ಭಟ್ಟರು.

"ಅಮ್ಮಂದು ಆಮೇಲೆ. ಅಮ್ಮ, ಬದಿಗೆ ಬನ್ನಿ. ಹೂ ಹೇಗೂ ಅಂಟಿಸಿದ್ದೇ ಉಂಟಲ್ಲ, ಅದ್ರಲ್ಲೇ ಕೇಳಿ."

ಅತ್ತೆ ಬದಿಗೆ ಸರಿದಳು. ನನಗೆ ಸಿಟ್ಟು ನೆತ್ತಿಗೇರಿತು. ಬ್ಯಾಂಕಿನಲ್ಲಿ ಸರಿ, ಆಸ್ಪತ್ರೆಯಲ್ಲಿ ಸರಿ, ದೇವರ ಮುಂದೆ ಕಣ್ಣು ಮುಚ್ಚಿ ನಿಂತವಳನ್ನೂ ಎಬ್ಬಿಸಿ ಕಳಿಸುವುದೇ? ಅಂಗಡಿಯಲ್ಲಿ ಸೀರೆ ನೋಡುತ್ತಿರುವವರ ಕೈಯಿಂದ ಸೀರೆ ಎಳೆದು ಬೇರೆಯವರಿಗೆ ತೋರಿಸಿದ ಹಾಗಾಯಿತಲ್ಲ? ಬಾಯಿ ತೆರೆದೆ. ಅತ್ತೆ ನನ್ನ ಕೈ ಚಿವುಟಿದಳು. ಬಾಯಿ ಮುಚ್ಚಿದೆ.

ಧಣಿಗಳ ಪ್ರಶ್ನೆ ದೊಡ್ಡದು. ದೇವಸ್ಥಾನದ ಕಮಿಟಿಗೆ ಅವರು ಅಧ್ಯಕ್ಷರಾಗಬೇಕೋ ಬೇಡವೋ? ಭಟ್ಟರು ಕಣ್ಣು ಮುಚ್ಚಿ ಕೇಳತೊಡಗಿದರು. ಧಣಿಗಳು ಬೆವರು ಒರೆಸಿಕೊಂಡರು. ಸೆಕ್ರೆಟರಿಗೆ ನೋಡಲಾಗಲಿಲ್ಲ. ಭಕ್ತಿಯಿಂದ ಹೋಗಿ ಫ್ಯಾನಿನ ಸ್ವಿಚ್ ಒತ್ತಿದರು.

ಧಣಿಗಳ ಹೆಸರು ಗಿರ್ರನೆ ತಿರುಗಿತು. ಗಾಳಿ ಧಣಿಗಳ ಮೈ ಸವರಿ ಸೀದಾ ಗರ್ಭಗುಡಿಗೆ ನುಗ್ಗಿತು. ಹೂ ಪಟಕ್ಕನೆ ಬಿತ್ತು.

ನಮ್ಮ ಬಲಕ್ಕೆ.

"ಆತು! ನಂದು! ನಂದು ಪ್ರಸಾದ ಆತು!" ಧಣಿಗಳು ಕುಣಿದೇಬಿಟ್ಟರು. ಸೆಕ್ರೆಟರಿ ಗಂಟೆ ಬಾರಿಸಿದರು. ಸಾಲಿನಲ್ಲಿದ್ದವರು ನೋಡಿಯೇ ನೋಡಿದರು. "ಎಲ್ಲರ ಎದುರಿಗೆ ಆತು, ನೋಡಿದ್ರಲ್ಲ? ನಂದೇ!"

ಭಟ್ಟರು ಕಣ್ಣು ತೆರೆದು, ಹೂ ನೋಡಿ, ಮೆತ್ತಗೆ ಹೇಳಿದರು. "ಧಣಿಗಳೆ, ಅದು ದೇವರ ಎಡ."

ಗಂಟೆ ನಿಂತಿತು. ಮುಂಬೈಯಲ್ಲಿ ಇದ್ದು ಇದ್ದು ಧಣಿಗಳಿಗೆ ಯಾರ ಬಲ, ಯಾರ ಎಡ ಎನ್ನುವುದು ಮರೆತುಹೋಗಿತ್ತು. ಇಷ್ಟು ವರ್ಷ ಎಲ್ಲರೂ ಅವರ ಕಡೆಯಿಂದಲೇ ನೋಡುತ್ತಿದ್ದರಲ್ಲ, ದೇವರೂ ಹಾಗೆಯೇ ಎಂದುಕೊಂಡರೋ ಏನೋ.

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಧಣಿಗಳು ಅತ್ತೆಯ ಕಡೆ ತಿರುಗಿ, ಬೆಣ್ಣೆಯಂಥ ದನಿಯಲ್ಲಿ, "ಅಲ್ಲ ಅಮ್ಮ, ಹೂ ಇಟ್ಟದ್ದು ನಿಮಗೆ. ಸಾಲಿನಲ್ಲಿ ಮೊದಲು ಬಂದವರೂ ನೀವು. ನ್ಯಾಯವಾಗಿ ಇದು ನಿಮ್ಮದು" ಎಂದರು. ಸಾಮಾನ್ಯದ ಸಾಲಿಗೆ ಅಷ್ಟು ಗೌರವ ಕೊಟ್ಟ ಇನ್ನೊಬ್ಬ ದಾನಿಯನ್ನು ನಾನು ಕಂಡಿಲ್ಲ.

"ಹೌದು ಹೌದು, ಹೂ ನಮ್ದೇ!" ಎಂದು ಕೂಗಿದವರು ಯಾರು? ನಮ್ಮ ಮಾವ! "ನಮ್ಮ ಹೆಸ್ರಲ್ಲೇ ಇಟ್ಟದ್ದು. ಎಡ ಆತು. ಸ್ಕೂಟರ್ ಸುದ್ದಿ ಮುಗೀತು, ನಡಿಯೆ ಮನಿಗೆ." ಧಣಿಗಳೂ ಮಾವನೂ ಒಂದೇ ಪಾರ್ಟಿಯಾಗಿಬಿಟ್ಟರು.

ಅತ್ತೆ ಅಲುಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಿಂದು ಆಮೇಲೆ ಅಂದ್ರಿ. ನಾ ಸರ್ದು ನಿತ್ಕಂಡೆ. ಧಣಿಯೋರು ನಂದು ನಂದು ಅಂದ್ರು. ಇಷ್ಟೂ ಜನ ಕೇಳಿದ್ರು. ಮತ್ತೊಬ್ರ ಪ್ರಸಾದ ನಂಗೆ ಎಂತಕ್ಕೆ? ನಾ ಬಡವಿ ಆದ್ರೂ ಕಳ್ಳಿ ಅಲ್ಲ."

ಸಾಲಿನಲ್ಲಿ ಹೋ ಎಂದು ನಗು. "ಗಾಳಿಗೆ ಬಿದ್ದದ್ದು, ಅದು ಲೆಕ್ಕಕ್ಕೇ ಇಲ್ಲ" ಎಂದರು ಸೆಕ್ರೆಟರಿ. "ಫ್ಯಾನ್ ಯಾರದ್ರಾ? ಗಾಳಿಯೂ ಅವ್ರದ್ದೇ!" ಎಂದು ಹಿಂದಿನಿಂದ ಒಂದು ದನಿ ಬಂತು. ಎಲ್ಲರೂ ಭಟ್ಟರ ಮುಖ ನೋಡಿದರು. ಭಟ್ಟರು ಒಮ್ಮೆ ಫ್ಯಾನಿನ ಕಡೆ, ಒಮ್ಮೆ ಅತ್ತೆಯ ಕಡೆ ನೋಡಿ, ತಟ್ಟೆಯಿಂದ ಹೊಸ ಹೂ ಎತ್ತಿಕೊಂಡರು.

"ಅಮ್ಮಂದು ಈಗ. ಮೊದ್ಲು ಆ ಫ್ಯಾನ್ ಬಂದ್ ಮಾಡಿ."

ಫ್ಯಾನ್ ನಿಂತಿತು. ಧಣಿಗಳ ಹೆಸರು ಮತ್ತೆ ಸ್ಪಷ್ಟವಾಗಿ ಕಂಡಿತು. ಸೆಕೆಯಲ್ಲಿ ಬೆಂದರೂ ಅವರು ಅಲ್ಲಿಯೇ ನಿಂತರು. ಫ್ಲೈಟಿನ ನೆನಪು ಯಾರಿಗೂ ಇರಲಿಲ್ಲ. ಇಡೀ ದೇವಸ್ಥಾನ ಒಂದು ಹೂವನ್ನು ನೋಡುತ್ತಿತ್ತು. ಸಾಮಾನ್ಯದ ಸಾಲಿನವರು ವಿಶೇಷದ ಕಂಬಿಯನ್ನು ದಾಟಿ ಬಂದು ನೋಡುತ್ತಿದ್ದರು, ತಡೆಯುವವರಿರಲಿಲ್ಲ.

ಅತ್ತೆ ಈ ಸಲ ಕಣ್ಣು ಮುಚ್ಚಲಿಲ್ಲ. ದೇವರನ್ನು ನೇರ ನೋಡುತ್ತ, ಭಟ್ಟರಿಗೂ ಕಾಯದೆ ತಾನೇ ಹೇಳಿದಳು. "ಹೂ ಅರಳೂಕಿಂತ ಮೊದ್ಲು ಪ್ಯಾಟೆ ಮುಟ್ಟಬೇಕು. ಅಷ್ಟೇ."

ಹೂ ಜಾರಿತು. ನಮ್ಮ ಎಡಕ್ಕೆ.

ಈಗ ಎಡ ಬಲದ ವಿಷಯದಲ್ಲಿ ಎಲ್ಲರಿಗೂ ಭಯ. ಭಟ್ಟರು ಹೂ ಎತ್ತಿ ಅತ್ತೆಯ ಕೈಗಿಟ್ಟು, "ದೇವರ ಬಲ" ಎಂದರು. ಅತ್ತೆ ಅತ್ತಳು. ನಾನೂ ಕಣ್ಣು ಒರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ? ಮಾವ ಕಂಬ ನೋಡುತ್ತ, "ಹೆಲ್ಮೆಟ್ ಎರಡು ತಕೋಬೇಕು" ಎಂದರು.

ಧಣಿಗಳು ಭಟ್ಟರ ಹತ್ತಿರ ಬಗ್ಗಿ, "ನಂದು ಇನ್ನೊಂದ್ ಸಲ ಕೇಳುಕೆ ಆಗ್ತದ್ಯಾ?" ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಭಟ್ಟರು ಅಷ್ಟೇ ಮೆತ್ತಗೆ, "ಅಡ್ಡಿಲ್ಲೆ. ಸಾಲಲ್ಲಿ ಬನ್ನಿ" ಎಂದರು.

ಈಗ ಅತ್ತೆಯ ಮಲ್ಲಿಗೆ ಮೊಗ್ಗಾಗಿಯೇ ಹೊನ್ನಾವರ ಮುಟ್ಟುತ್ತಿದೆ. ಹಿಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ತಬ್ಬಿಕೊಂಡು ಮಾವ ಕೂತಿರುತ್ತಾರೆ. ಪೇಪರನ್ನು ಬಸ್‌ಸ್ಟ್ಯಾಂಡಿನಲ್ಲಿ ಓದುತ್ತಾರೆ. ಒಂದೇ ತೊಂದರೆ. ಎಡಕ್ಕೆ ತಿರುಗುವಾಗ ಅತ್ತೆ ಬಲದ ಇಂಡಿಕೇಟರ್ ಹಾಕುತ್ತಾಳೆ, ಬಲಕ್ಕೆ ತಿರುಗುವಾಗ ಎಡದ್ದು. ಯಾಕತ್ತೆ ಎಂದರೆ, "ಎದುರಿಂದ ಬರೂರಿಗೆ ಸರಿ ಕಾಣೂಕೆ ಬ್ಯಾಡನಾ?" ಎನ್ನುತ್ತಾಳೆ.

ಆದ್ದರಿಂದ ಮಂಕಿ ಹೊನ್ನಾವರದ ನಡುವೆ ಮಲ್ಲಿಗೆ ಘಮದ ಸ್ಕೂಟರ್ ಕಂಡರೆ, ಧಣಿಗಳೂ ಸೇರಿದಂತೆ ಎಲ್ಲರೂ ದಯವಿಟ್ಟು ಹಿಂದೆಯೇ ಇರಿ. ಓವರ್‌ಟೇಕ್ ಮಾಡಿದವರಿಗೆ ಏನಾಗುತ್ತದೆ ಎಂದು ಈಗ ಗೊತ್ತಲ್ಲ?