ಹೆಬ್ಬೆರಳಿಗೊಂದು ಥ್ಯಾಂಕ್ಯೂ

ಹಳಿಯಾಳದ ನಮ್ಮ ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವ ಗುಮಾಸ್ತರೊಬ್ಬರಿದ್ದರು. ಹತ್ತು ಗಂಟೆ ದಾಟಿತೆಂದರೆ ಪುಸ್ತಕ ಮುಚ್ಚಿ, ಅದರ ಮೇಲೆ ಮೊಣಕೈ ಊರಿ ಕೂರುತ್ತಿದ್ದರು. ತಡವಾಗಿ ಬಂದವರು ಆ ಮೊಣಕೈಯನ್ನೇ ಬೇಡಿಕೊಳ್ಳಬೇಕಿತ್ತು.

ಒಂದು ದಿನ ಬಾಗಿಲ ಬಳಿ ಹಾಜರಿಗೆಂದು ಹೆಬ್ಬೆರಳಿಡುವ ಯಂತ್ರವೂ ಬಂತು. ಬೆರಳು ತಾಗಿಸಿದರೆ ಹೆಣ್ಣುದನಿಯಲ್ಲಿ ‘ಥ್ಯಾಂಕ್ಯೂ’ ಎನ್ನುತ್ತಿತ್ತು. ನಮಗೆಲ್ಲ ನಗು, ಗುಮಾಸ್ತರಿಗೆ ಗುಮಾನಿ.

“ಪುಕ್ಕಟೆ ಯಾರರೆ ಥ್ಯಾಂಕ್ಯೂ ಅಂತಾರೇನ್ರಿ? ನಾ ಇದಕ್ಕ ಏನ್ ಕೊಟ್ಟೇನಿ?” ಎಂದು ದಿನವೂ ಕೇಳುವರು. ಆಮೇಲೆ ತಮ್ಮ ಗುರುತನ್ನು ಯಾರಾದರೂ ಎತ್ತಿಕೊಂಡಾರೆಂದು ಕರವಸ್ತ್ರದಿಂದ ಗಾಜನ್ನು ತಿಕ್ಕಿ ತಿಕ್ಕಿ ಒರೆಸುವರು.

“ಗುರ್ತು ಆಗಲೇ ಒಳಗ ಹೋಗೇತ್ರಿ, ಒರಿಸಿದ್ರ ಏನ್ ಬಂತು?” ಎಂದು ಒಮ್ಮೆ ನಾನೇ ಛೇಡಿಸಿದೆ.

“ನನಗೂ ಅದ ಸಂಶೇ ಐತಿ” ಎಂದರು.

ಮಳೆಗಾಲ ಮುಗಿಯುವಷ್ಟರಲ್ಲಿ ಆದೇಶ ಬಂತು. ಹಾಜರಿ ಪುಸ್ತಕ ಇನ್ನು ಬೇಡ, ಅದನ್ನು ನೋಡುತ್ತಿದ್ದವರಿಗೆ ಮುಂಡಗೋಡಕ್ಕೆ ವರ್ಗ. ಅವರು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡರು. ಸಂಜೆ ಹೊರಡುವಾಗ ಎಂದಿನಂತೆ ಹೆಬ್ಬೆರಳಿಟ್ಟರು. ಯಂತ್ರ ‘ಥ್ಯಾಂಕ್ಯೂ’ ಎಂದಿತು.

“ಏನ್ ಕೊಟ್ಟೇನಂತ ಈಗ ತಿಳೀತು ಬಿಡವಾ ತಂಗಿ” ಎಂದರು.

ಅವತ್ತು ಗಾಜು ಒರೆಸಲಿಲ್ಲ.