ಚಾಚಾ ತಿದ್ದಿದ ಕನ್ನಡ

ಚಾಚಾ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಗೆರೆಯೇ ಉಳಿಯದಷ್ಟು ನುಣ್ಣಗೆ ಸವೆದಿದ್ದವು. ಛಾಪಖಾನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೀಸದ ಅಕ್ಷರದ ಮೊಳೆ ಜೋಡಿಸಿದ ಬೆರಳುಗಳವು. ರೇಷನ್ ಅಂಗಡಿಯ ಯಂತ್ರಕ್ಕೆ ಅವರ ಗುರುತು ಸಿಗುತ್ತಿರಲಿಲ್ಲ. ಒತ್ತಿ, ಒರೆಸಿ, ಮತ್ತೆ ಒತ್ತಿ, ಕಡೆಗೆ ಖಾಲಿ ಚೀಲ ಹಿಡಿದು ಬಂದರೂ ಸಿಟ್ಟಾಗುತ್ತಿರಲಿಲ್ಲ. "ನಾಳಿ ನೋಡೂಣು" ಅನ್ನುತ್ತಿದ್ದರು.

ಜೋರಾಪುರ ಪೇಟೆಯಲ್ಲಿ ಅವರ ಮನೆಯ ಮೇಲಿನ ಕೋಣೆಯನ್ನು ನಾನೂ ನನ್ನ ಗೆಳತಿಯೂ ಬಾಡಿಗೆಗೆ ಹಿಡಿದದ್ದು ಕಂಪನಿ ತೆಗೆಯಲು. ಇಬ್ಬರೂ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಬಿಟ್ಟು ಬಂದಿದ್ದೆವು. ಮನೆಖರ್ಚು ಬರೆದಿಡುವ ಒಂದು ತಂತ್ರಾಂಶವಿತ್ತು. ಎಲ್ಲೆಲ್ಲಿಯದೋ ಜನ ಸೇರಿ ಬರೆದು, ಯಾರು ಬೇಕಾದರೂ ಬಿಚ್ಚಿ ನೋಡಲಿ, ತಿದ್ದಲಿ, ಹಂಚಲಿ ಎಂದು ಬಿಟ್ಟದ್ದು. ಅದನ್ನು ಕನ್ನಡಕ್ಕೆ ತಂದು ತಿಕೋಟಾ, ಬಬಲೇಶ್ವರ ಕಡೆಯ ಮಹಿಳಾ ಸಂಘಗಳಿಗೆ ಕಲಿಸಬೇಕೆಂಬುದು ನಮ್ಮ ಆಸೆ.

ಚಾಚಾ ಮೊದಲ ದಿನವೇ ಕೇಳಿದರು. "ಪುಕ್ಕಟ ಕೊಡ್ತೀರಿ. ಮತ್ತ ಹೊಟ್ಟಿಗೆ ಏನ್ ಮಾಡ್ತೀರಿ?"

"ಕಲಿಸಾಕ, ಕೆಟ್ರ ಸರಿ ಮಾಡಾಕ ವರ್ಷಕ್ಕ ಇಷ್ಟಂತ ತಗೋತೇವ್ರಿ ಚಾಚಾ."

"ಹಂಗಾರ ನೀವು ಅಂಗಡಿಯವ್ರಲ್ಲ, ಮೇಸ್ತ್ರಿಗಳು," ಎಂದು ಕೆಳಗಿಳಿದು ಹೋದರು.

ಹೆಂಡತಿ ತೀರಿಹೋಗಿದ್ದರು. ಮಗಳು ಸೊಲ್ಲಾಪುರದಲ್ಲಿ. ಕೆಳಗಿನ ಮನೆಯಲ್ಲಿ ಅವರೊಬ್ಬರೇ. ಒಂದು ಬೆಳಿಗ್ಗೆ ಸುಮ್ಮನೆ ಮೇಲೆ ಬಂದವರು ನಾನು ಕನ್ನಡಕ್ಕೆ ತಂದು ಅಚ್ಚು ತೆಗೆದಿಟ್ಟ ಹಾಳೆಯೊಂದನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದರು: "ನೀವು ನಿಗದಿತ ವೆಚ್ಚದ ಮಿತಿಯನ್ನು ಉಲ್ಲಂಘಿಸಿದ್ದೀರಿ." ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇದೇನ್ ಬೇಟಾ, ಪೊಲೀಸರು ಮಾತಾಡಿಧಂಗ ಐತಿ. ಮನಿಯಾಗ ಯಾರಿಗೋ ಜ್ವರ ಬಂದಿರ್ತಾವು, ಖರ್ಚಾಗಿರ್ತೈತಿ. ಲೆಕ್ಕಾ ಬರಿಯೂ ಹೆಣ್ಮಗಳಿಗೆ ಹಿಂಗ ಅನಬಾರ್ದು."

ಅಂಗಿಯ ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು ಬರೆದರು: 'ಈ ತಿಂಗಳು ಅಂದುಕೊಂಡಿದ್ದಕ್ಕಿಂತ ಖರ್ಚು ಹೆಚ್ಚಾಗಿದೆ.' ಅಷ್ಟೇ. ಅಂದಿನಿಂದ ನಮ್ಮ ಒಂದೊಂದು ಹಾಳೆಯೂ ಅವರ ಕೈ ದಾಟಿ ಹೋಗತೊಡಗಿತು. ಎಷ್ಟು ಕೊಡಲಿ ಎಂದರೆ, "ಚಾ ತರಸು" ಅನ್ನುತ್ತಿದ್ದರು.

ಎರಡನೆಯ ವರ್ಷ ಗೆಳತಿ ಪುಣೆಯಿಂದ ಇಬ್ಬರನ್ನು ಕರೆಸಿದಳು. ಸೊಲ್ಲಾಪುರ ರಸ್ತೆಯ ಹೋಟೆಲೊಂದರಲ್ಲಿ ಕೂತು ಮಾತಾಡಿದೆವು. ಅವರು ನಮ್ಮ ಕಂಪನಿ ಕೊಳ್ಳಲು ಸಿದ್ಧರಿದ್ದರು. ನಾವು ಕಂಡಿರದಷ್ಟು ದುಡ್ಡು. ಷರತ್ತು ಒಂದೇ: ಹೆಂಗಸರು ಬರೆದುಕೊಳ್ಳುವ ಖರ್ಚೆಲ್ಲ ಅವರ ಕಂಪ್ಯೂಟರಿಗೂ ಹೋಗಬೇಕು. ಯಾರ ಮನೆಯಲ್ಲಿ ಏನು ಕೊಳ್ಳುತ್ತಾರೆ, ಎಲ್ಲಿ ಸಾಲ ಮಾಡುತ್ತಾರೆ, ಎಲ್ಲ. ನಾನು ಒಪ್ಪುವವಳೇ ಇದ್ದೆ. ಖುಷಿಯಿಂದಲೇ ಬಂದು ಚಾಚಾಗೆ ಹೇಳಿದೆ.

ಅವರು ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟರು. ಆಮೇಲೆ ಅಂದರು: "ನನ್ನ ದೋಸ್ತ್ ಒಬ್ಬಾಂವ ಇದ್ದ. ದಿನಾ ಜೋಡೀಲೆ ಚಾ ಕುಡಿತಿದ್ವಿ. ಅವನ ಮಗಳಿಗೆ ಗಂಡ ಸೋಡಚೀಟಿ ಕೊಟ್ಟು ಮದುವಿ ಮುರಕೊಳ್ಳೂ ನೋಟಿಸು ಛಾಪಖಾನಿಗೆ ಬಂತು. ನಾನs ಮೊಳಿ ಜೋಡಿಸಿದ್ನಿ. ಅವಂಗ ಇನ್ನೂ ಗೊತ್ತಿರಲಿಲ್ಲ. ಅವತ್ತೂ ಅವನ ಬಾಜೂಕ ಕುಂತು ಚಾ ಕುಡದ್ನಿ. ನನ್ನ ಹೇಣ್ತಿ ಮುಂದೂ ಬಾಯಿ ಬಿಡಲಿಲ್ಲ."

"ಅವ್ರಿಗೆ ಹೇಳಬೇಕಾಗಿತ್ತಲ್ರಿ ಚಾಚಾ?"

"ಹೇಳಬೇಕಿತ್ತೇನೋ. ಇವತ್ತಿಗೂ ಅದು ಮನಸಿನ್ಯಾಗ ಐತಿ. ಆದ್ರ ಮಂದಿ ನಮ್ಮ ಕೈಯಾಗ ಕೊಟ್ಟದ್ದು ಛಾಪಸಾಕ ಬೇಟಾ, ಓದಾಕಲ್ಲ."

ಬೇಡ ಅನ್ನು ಎಂದು ಅವರು ಹೇಳಲಿಲ್ಲ. ಮರುದಿನ ನಾನೇ ಪುಣೆಯವರಿಗೆ ಫೋನ್ ಮಾಡಿ ಬೇಡವೆಂದೆ. ಗೆಳತಿ ಜಗಳಾಡಲಿಲ್ಲ. ತನ್ನ ಕೀಲಿಕೈ ಮೇಜಿನ ಮೇಲಿಟ್ಟು, "ನೀ ಒಬ್ಬಾಕೀನs ನಡಸು" ಎಂದು ಮೆಟ್ಟಿಲಿಳಿದಳು. ಈಗ ಹುಬ್ಬಳ್ಳಿಯಲ್ಲಿದ್ದಾಳಂತೆ. ಹಬ್ಬಕ್ಕೂ ಮಾತಿಲ್ಲ.

ಆಮೇಲೆ ಆ ಕೋಣೆಯಲ್ಲಿ ನಾನು, ಚಾಚಾ ಇಬ್ಬರೇ. ನಾನು ಕಿಟಕಿಯ ಕಡೆ, ಅವರು ಬಾಗಿಲ ಕಡೆ. ಎಷ್ಟೋ ದಿನ ಮಧ್ಯಾಹ್ನದವರೆಗೆ ಒಂದು ಮಾತೂ ಇರುತ್ತಿರಲಿಲ್ಲ. ಫೋನೂ ಬರುತ್ತಿರಲಿಲ್ಲ. ಪೆನ್ಸಿಲಿನ ಸದ್ದು ಕೇಳಿಸಿದರೆ ನನಗೆ ಸಾಕಾಗುತ್ತಿತ್ತು. ನಾನು ಕೀಲಿ ಒತ್ತುವ ಸದ್ದೂ ಅವರಿಗೆ ಹಾಗೇ ಇತ್ತೋ ಏನೋ, ಕೇಳಲಿಲ್ಲ. ಒಂದೊಂದೇ ಸಂಘ ಸೇರಿಕೊಂಡಿತು. ಬಾಡಿಗೆ, ನನ್ನ ಊಟ ನಡೆಯುವಷ್ಟಾಯಿತು. ಇಂದಿಗೂ ಅಷ್ಟೇ ಇದೆ.

ಹೋದ ಚಳಿಗಾಲ ಚಾಚಾಗೆ ಉಸಿರಿನ ತೊಂದರೆ ಹೆಚ್ಚಾಗಿ ಮಗಳು ಬಂದು ಸೊಲ್ಲಾಪುರಕ್ಕೆ ಕರೆದೊಯ್ದಳು. "ಎಂಟ್ ದಿನದಾಗ ಬರ್ತೀನಿ, ಹಾಳಿ ಯಾರಿಗೂ ಕೊಡಬ್ಯಾಡ" ಎಂದು ಹೋದರು. ಹನ್ನೆರಡನೆಯ ದಿನ ಓಣಿಯ ಬೀಡಿ ಅಂಗಡಿಯವನು ಹೇಳಿದ, ಚಾಚಾ ತೀರಿಹೋಗಿ ಮೂರು ದಿನವಾಯಿತು, ಮಣ್ಣು ಅಲ್ಲಿಯೇ ಆಯಿತು ಎಂದು. ಮೇಲಿನ ಕೋಣೆಯವಳಿಗೂ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯಬೇಕೆಂದೇನೂ ಇಲ್ಲ, ನಾನು ಅವರಿಗೆ ಏನಾಗಬೇಕು? ಮೇಲೆ ಹೋಗಿ ಕೂತೆ. ಅರ್ಧ ತಿದ್ದಿದ ಹಾಳೆಗಳಿದ್ದವು. ಉಳಿದರ್ಧವನ್ನು ಒಂದೊಂದೇ ಸಾಲು ಗಟ್ಟಿಯಾಗಿ ಓದಿಕೊಳ್ಳುತ್ತ ನಾನೇ ಮುಗಿಸಿದೆ. ವಾರ ಹಿಡಿಯಿತು.

ಮೊನ್ನೆ ಸಾರವಾಡದಿಂದ ಸಂಘದ ಹೆಣ್ಣುಮಗಳೊಬ್ಬಳು ಫೋನ್ ಮಾಡಿದ್ದಳು. ಏನೋ ಕೆಟ್ಟಿರಬೇಕೆಂದುಕೊಂಡೆ. ಕೆಟ್ಟಿರಲಿಲ್ಲ.

"ಅಲ್ರೀ ಅಕ್ಕಾರ, ಇದರಾಗ ಬರದದ್ದು ಓದಿದ್ರ ನಮ್ಮ ಮನ್ಯಾಗಿನ ಹಿರ್ಯಾರು ಬಾಜೂಕ ಕುಂತು ಹೇಳಿಧಂಗ ಅನಸ್ತೈತಿ. ಯಾರು ಬರದಾರ್ರಿ?"

"ಇಲ್ಲೇ ಜೋರಾಪುರ ಪೇಟ್ಯಾಗ ಒಬ್ಬರು ಅದಾರವಾ," ಎಂದೆ.

ಇದ್ದರು ಎನ್ನಬೇಕಿತ್ತು. ನಾಲಿಗೆ ಹೊರಳಲಿಲ್ಲ.